ನಾವು ಕೊಳ್ಳುವುದು ರಿಪೇರಿಯನ್ನೋ, ಭೇಟಿಯನ್ನೋ?

ಇಂಗ್ಲೆಂಡಿನ ಒಂದು ಹೌಸಿಂಗ್ ಅಸೋಸಿಯೇಷನ್‌ನಲ್ಲಿ ನನ್ನ ಕೆಲಸ. ಮನೆಗಳ ರಿಪೇರಿಗೆ ಟೆಂಡರ್ ಕರೆದು ಕಂಟ್ರಾಕ್ಟರ್‌ಗಳನ್ನು ಗೊತ್ತುಮಾಡುವುದು, ಆಮೇಲೆ ಅವರು ಒಪ್ಪಿಕೊಂಡ ಹಾಗೆ ಕೆಲಸ ಮಾಡುತ್ತಿದ್ದಾರಾ ಅಂತ ನೋಡುವುದು. ಊರಲ್ಲಿ ಯಾರಾದರೂ ಕೇಳಿದರೆ "ಸರ್ಕಾರಿ ಮನೆಗಳ ಆಫೀಸು" ಅಂದುಬಿಡುತ್ತೇನೆ. ಅದು ಪೂರ್ತಿ ಸರಿಯಲ್ಲ. ಇವು ಸರ್ಕಾರಿ ಕಚೇರಿಗಳಲ್ಲ, ಹೆಚ್ಚಿನವು ಲಾಭಕ್ಕಾಗಿ ನಡೆಯುವಂಥವೂ ಅಲ್ಲ. ಹೊರಗಿನ ದರಕ್ಕಿಂತ ಕಡಿಮೆ ಬಾಡಿಗೆಗೆ ಮನೆ ಕೊಡುತ್ತವೆ. ಇವು ಮತ್ತು ಊರೂರಿನ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ಸೇರಿ ಇಂಗ್ಲೆಂಡಿನಲ್ಲಿ 40 ಲಕ್ಷಕ್ಕೂ ಜಾಸ್ತಿ ಮನೆಗಳನ್ನು ನೋಡಿಕೊಳ್ಳುತ್ತವೆ.

ನಮ್ಮ ಕಡೆ ಆಶ್ರಯ ಮನೆ ಅಂದರೆ ಹಕ್ಕುಪತ್ರ ಕೈಗೆ ಬಂದ ಮೇಲೆ ಸೂರು ಸೋರಿದರೆ ಅದು ಮನೆಯವರ ಪಾಡು. ಇಲ್ಲಿ ಬಾಡಿಗೆದಾರರು ಜೀವನಪೂರ್ತಿ ಅದೇ ಮನೆಯಲ್ಲಿ ಇರಬಹುದು, ಸೂರು ಮಾತ್ರ ನಮ್ಮ ಜವಾಬ್ದಾರಿಯಾಗಿಯೇ ಉಳಿಯುತ್ತದೆ. ಗೋಡೆ, ಮಾಡು, ನೀರು, ಗ್ಯಾಸ್, ವಿದ್ಯುತ್, ಹೀಟಿಂಗ್ ಎಲ್ಲವನ್ನೂ ಸರಿಯಾಗಿಡಬೇಕು ಅಂತ 1985ರ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ರಿಪೇರಿ ನಮ್ಮ ದೊಡ್ಡ ಖರ್ಚು, ದೊಡ್ಡ ತಲೆನೋವು.

ಈ ಕೆಲಸದಲ್ಲಿ ನಾನು ಕಲಿತದ್ದು ಮುಖ್ಯವಾಗಿ ಒಂದೇ. ಕಂಟ್ರಾಕ್ಟರ್ ಒಳ್ಳೆಯವನಾ ಕೆಟ್ಟವನಾ ಅನ್ನುವುದಕ್ಕಿಂತ, ನಾವು ಅವನಿಗೆ ಯಾವ ಲೆಕ್ಕದಲ್ಲಿ ದುಡ್ಡು ಕೊಡುತ್ತೇವೆ ಅನ್ನುವುದೇ ರಿಪೇರಿ ಹೇಗಾಗುತ್ತದೆ ಅಂತ ತೀರ್ಮಾನಿಸುತ್ತದೆ.

ಹಳೆಯ ರೂಢಿ ದರಪಟ್ಟಿಯದು. ನಮ್ಮ ಪಿಡಬ್ಲ್ಯುಡಿಯ ಎಸ್‌ಆರ್, ಅಂದರೆ ಸರ್ಕಾರಿ ಕಾಮಗಾರಿಗಳ ದರಪಟ್ಟಿ, ನೋಡಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ನಲ್ಲಿಯ ವಾಷರ್ ಬದಲಿಸಲು ಇಷ್ಟು, ಬಾಗಿಲಿನ ಬೀಗಕ್ಕೆ ಇಷ್ಟು, ಒಂದು ಚದರ ಮೀಟರ್ ಗಾರೆಗೆ ಇಷ್ಟು. ಸಾವಿರಾರು ಸಾಲುಗಳ ಪುಸ್ತಕ. ಟೆಂಡರ್ ಹಾಕುವವರು ಪುಸ್ತಕದ ದರಕ್ಕಿಂತ ಶೇಕಡಾ ಇಷ್ಟು ಕಡಿಮೆ ಅಥವಾ ಜಾಸ್ತಿ ಅಂತ ಬರೆದುಕೊಡುತ್ತಾರೆ. ನೋಡಲು ಬಹಳ ಸ್ವಚ್ಛ. ಯಾರು ಕಡಿಮೆ ಅಂತ ತಕ್ಷಣ ಗೊತ್ತಾಗುತ್ತದೆ.

ಆದರೆ ಈ ಲೆಕ್ಕದಲ್ಲಿ ಆರ್ಡರ್ ಎಷ್ಟು ಜಾಸ್ತಿಯೋ ಬಿಲ್ಲೂ ಅಷ್ಟು ಜಾಸ್ತಿ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ ಅಂತಿಟ್ಟುಕೊಳ್ಳಿ. ಮೊದಲ ದಿನ ಬಂದವನು ವಾಷರ್ ಹಾಕಿ ಹೋಗುತ್ತಾನೆ. ಮತ್ತೆ ತೊಟ್ಟಿಕ್ಕಿದಾಗ ಇನ್ನೊಬ್ಬ ಬಂದು ನಲ್ಲಿಯೇ ಹೋಗಿದೆ ಅನ್ನುತ್ತಾನೆ. ಹೊಸ ನಲ್ಲಿ ವ್ಯಾನಿನಲ್ಲಿ ಇಲ್ಲ. ಮೂರನೆಯ ಸಲ ಅದು ಬರುತ್ತದೆ. ನಮ್ಮ ಕಂಪ್ಯೂಟರಿನಲ್ಲಿ ಇದು ಮೂರು ಕೆಲಸ, ಮೂರೂ ಗಡುವಿನೊಳಗೆ ಮುಗಿದಿವೆ, ಮೂರೂ ಹಸಿರು ಬಣ್ಣದಲ್ಲಿ. ಆ ಮನೆಯ ಹೆಂಗಸು ಮೂರು ಸಲ ಕೆಲಸಕ್ಕೆ ರಜೆ ಹಾಕಿದ್ದು ಯಾವ ಕಾಲಮ್ಮಿನಲ್ಲೂ ಇಲ್ಲ. ದರದಲ್ಲಿ ಉಳಿಸಿದ್ದು ಭೇಟಿಗಳಲ್ಲಿ ಹೋಯಿತು, ಅಲ್ವಾ?

ಇದಕ್ಕೆ ಬದಲಾಗಿ ಮನೆಗೆ ಇಷ್ಟು ಅಂತ ವರ್ಷದ ದುಡ್ಡು ಕೊಡುವ ಪದ್ಧತಿ ಬಂತು. ಆ ಮನೆಯಲ್ಲಿ ಏನು ಕೆಟ್ಟರೂ ಅದೇ ದುಡ್ಡಿನಲ್ಲಿ ಸರಿಮಾಡಬೇಕು. ಆಗ ಕಂಟ್ರಾಕ್ಟರ್‌ಗೆ ಒಂದೇ ಭೇಟಿಯಲ್ಲಿ ಮುಗಿಸುವುದೇ ಲಾಭ. ಒಳ್ಳೆಯದೇ. ಆದರೆ ಜಗಳ ಬೇರೆ ಕಡೆ ಹೋಗುತ್ತದೆ. ಎಲ್ಲ ಒಪ್ಪಂದದ ಕೊನೆಯಲ್ಲೂ ಹೊರಗಿಟ್ಟ ಕೆಲಸಗಳ ಪಟ್ಟಿ ಅಂತ ಒಂದಿರುತ್ತದೆ. ಇಷ್ಟು ಚದರ ಮೀಟರ್‌ಗಿಂತ ಜಾಸ್ತಿ ಗಾರೆ ಇದ್ದರೆ ಬೇರೆ ದುಡ್ಡು, ಬಾಡಿಗೆದಾರರೇ ಹಾಳುಮಾಡಿದ್ದರೆ ಬೇರೆ ದುಡ್ಡು. ಒಪ್ಪಂದ ಶುರುವಾದ ಮೇಲೆ ಕೆಟ್ಟ ಬಾಗಿಲೆಲ್ಲ ಬಾಡಿಗೆದಾರರೇ ಮುರಿದದ್ದಾಗುತ್ತದೆ! ಈಗ ನಾನು ಟೆಂಡರ್ ಕೈಗೆತ್ತಿಕೊಂಡರೆ ದರದ ಪುಟವನ್ನು ಆಮೇಲೆ ನೋಡುತ್ತೇನೆ. ಮೊದಲು ಆ ಪಟ್ಟಿ.

ಎರಡರಲ್ಲಿ ನನ್ನ ಒಲವು ಮನೆಗೆ ಇಷ್ಟು ಅನ್ನುವ ಲೆಕ್ಕದ ಕಡೆಗೇ. ಒಂದು ಷರತ್ತು ಇದೆ. ಹಿಂದಿನ ವರ್ಷಗಳಲ್ಲಿ ಯಾವ ಮನೆಯಿಂದ ಎಷ್ಟು ದೂರು ಬಂತು ಅನ್ನುವ ದಾಖಲೆ ನೆಟ್ಟಗಿರಬೇಕು. ಅದಿಲ್ಲದಿದ್ದರೆ ಟೆಂಡರ್ ಹಾಕುವವರು ಸುಮ್ನೆ ಅಂದಾಜಿನಲ್ಲಿ ದರ ಬರೆಯುತ್ತಾರೆ. ಜಾಸ್ತಿ ಬರೆದರೆ ನಮಗೆ ನಷ್ಟ. ಕಡಿಮೆ ಬರೆದರೆ ಅವರು ಮುಳುಗುತ್ತಾರೆ, ಜೊತೆಗೆ ನಾವೂ. 2010ರಲ್ಲಿ ಕನಾಟ್ ಅನ್ನುವ ದೊಡ್ಡ ನಿರ್ವಹಣಾ ಕಂಪನಿ, 2018ರ ಜನವರಿಯಲ್ಲಿ ಕ್ಯಾರಿಲಿಯನ್ ಅನ್ನುವ ನಿರ್ಮಾಣ ಕಂಪನಿ ದಿವಾಳಿಯಾದಾಗ ಈ ದೇಶ ಇದನ್ನು ನೋಡಿದೆ. ತೀರಾ ಕಡಿಮೆ ದರ ಬಂದರೆ ವಿವರಣೆ ಕೇಳಿ, ಸಮಾಧಾನವಾಗದಿದ್ದರೆ ಆ ಟೆಂಡರ್ ಬಿಡಲು ಇಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಗುಣಮಟ್ಟಕ್ಕೂ ಅಂಕ ಕೊಡಬಹುದು. ಆದರೂ ಬಜೆಟ್ ಬಿಗಿಯಾದ ವರ್ಷ ಮೀಟಿಂಗಿನಲ್ಲಿ ಎಲ್ಲರ ಕಣ್ಣು ಹೋಗುವುದು ದರದ ಮೇಲೇ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 11.1 ಮುಟ್ಟಿತ್ತು. 2023-24ಕ್ಕೆ ಬಾಡಿಗೆಯನ್ನು ಶೇ 7ಕ್ಕಿಂತ ಹೆಚ್ಚು ಏರಿಸಬಾರದು ಅಂತ ಸರ್ಕಾರ ಕಟ್ಟುಹಾಕಿತು. ಬಾಡಿಗೆದಾರರ ದೃಷ್ಟಿಯಿಂದ ಅದು ಸರಿಯೇ. ಆದರೆ ರಿಪೇರಿಯ ಖರ್ಚು ಶೇ 7ಕ್ಕೆ ನಿಲ್ಲಲಿಲ್ಲ.

ಈ ಲೆಕ್ಕದ ವಿಷಯ ಎಲ್ಲಕ್ಕಿಂತ ಕೆಟ್ಟದಾಗಿ ಕಾಣುವುದು ಬೂಷ್ಟಿನಲ್ಲಿ.

ಚಳಿಗಾಲದಲ್ಲಿ ತಣ್ಣನೆಯ ಗೋಡೆಗೆ ಮನೆಯೊಳಗಿನ ಆವಿ ತಗುಲಿ ನೀರಾಗುತ್ತದೆ. ಗಾಳಿ ಆಡದಿದ್ದರೆ ಮೂಲೆಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಕಾರಣ ಒಂದೇ ಇರುವುದಿಲ್ಲ. ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ನಿಂತಿರಬಹುದು, ಮಾಡಿನ ಮಳೆನೀರು ಹರಿಯುವ ದೋಣಿ ಸೋರುತ್ತಿರಬಹುದು, ಗೋಡೆಗೆ ಇನ್ಸುಲೇಷನ್ ಇಲ್ಲದಿರಬಹುದು, ಗ್ಯಾಸ್ ಬಿಲ್ಲಿಗೆ ಹೆದರಿ ಮನೆಯವರು ಹೀಟಿಂಗ್ ಹಾಕದೆ ಇರಬಹುದು. ನಮ್ಮ ದರಪಟ್ಟಿಯಲ್ಲಿ ಇದಕ್ಕೆ ಇರುವ ಸಾಲು ಮಾತ್ರ ಒಂದೇ: ಬೂಷ್ಟು ತೊಳೆದು ಬಣ್ಣ ಹೊಡೆಯುವುದು. ಬಣ್ಣದವನು ಬಂದು ಅಷ್ಟು ಮಾಡುತ್ತಾನೆ. ಫ್ಯಾನ್ ಕೆಟ್ಟಿದೆ ಅಂತ ಅವನಿಗೆ ಕಾಣುತ್ತದೆ. ಆದರೆ ಅದು ಎಲೆಕ್ಟ್ರಿಷಿಯನ್ ಕೆಲಸ. "ಇದು ನನ್ನ ಆರ್ಡರಿನಲ್ಲಿ ಇಲ್ಲ" ಅನ್ನುವುದು ನಮ್ಮ ಕೆಲಸದಲ್ಲಿ ಅತಿ ಹೆಚ್ಚು ಕೇಳುವ ಮಾತು, ಮತ್ತು ಅದು ಸುಳ್ಳಲ್ಲ. ದೋಣಿಗೆ ಮಾಡಿನವರು ಬೇರೆ, ಇನ್ಸುಲೇಷನ್‌ಗೆ ಬಜೆಟ್ಟೇ ಬೇರೆ. ಮುಂದಿನ ನವೆಂಬರ್‌ಗೆ ಅದೇ ಮೂಲೆ ಮತ್ತೆ ಕಪ್ಪು.

ಇದು ಬರೀ ಗೋಡೆ ಕೊಳಕಾಗುವ ವಿಷಯವಲ್ಲ. ರೋಚ್‌ಡೇಲ್‌ನ ಒಂದು ಬಾಡಿಗೆ ಫ್ಲ್ಯಾಟಿನಲ್ಲಿದ್ದ ಅವಾಬ್ ಇಶಾಕ್ ಅನ್ನುವ ಎರಡು ವರ್ಷದ ಹುಡುಗ 2020ರ ಡಿಸೆಂಬರ್‌ನಲ್ಲಿ ತೀರಿಕೊಂಡ. ಮನೆಯ ಬೂಷ್ಟಿನಿಂದ ಬಂದ ಉಸಿರಾಟದ ಕಾಯಿಲೆಯೇ ಕಾರಣ ಅಂತ 2022ರ ನವೆಂಬರ್‌ನಲ್ಲಿ ವಿಚಾರಣೆ ನಡೆಸಿದ ಅಧಿಕಾರಿ ತೀರ್ಪು ಕೊಟ್ಟರು. ತಂದೆ 2017ರಲ್ಲೇ ದೂರು ಕೊಟ್ಟಿದ್ದರು. ಮೇಲೆ ಬಣ್ಣ ಹೊಡೆಯಿರಿ ಅಂತ ಅವರಿಗೆ ಹೇಳಲಾಗಿತ್ತು.

ಆ ಹುಡುಗನ ಹೆಸರಿನಲ್ಲೇ ಈಗ ಕಾನೂನು ಇದೆ. 2025ರ ಅಕ್ಟೋಬರ್ 27ರಿಂದ ಜಾರಿ. ತುರ್ತು ಅಪಾಯ ಇದ್ದರೆ 24 ಗಂಟೆಯೊಳಗೆ ನೋಡಿ ಸುರಕ್ಷಿತ ಮಾಡಬೇಕು. ಗಂಭೀರವಾದ ತೇವ, ಬೂಷ್ಟು ಇದ್ದರೆ 10 ಕೆಲಸದ ದಿನಗಳಲ್ಲಿ ತಪಾಸಣೆ ಆಗಬೇಕು. ತಪಾಸಣೆ ಮುಗಿದು 5 ಕೆಲಸದ ದಿನಗಳಲ್ಲಿ ಮನೆ ಸುರಕ್ಷಿತ ಆಗಬೇಕು. ಆಗದಿದ್ದರೆ ಬೇರೆ ಮನೆ ಕೊಡಬೇಕು. ಒಳ್ಳೆಯ ಕಾನೂನು. ಆದರೆ ಅದಕ್ಕಿಂತ ಮೊದಲು ಸಹಿಯಾದ ಎಷ್ಟೋ ಒಪ್ಪಂದಗಳು ಈ ಗಡುವುಗಳನ್ನು ಮನಸ್ಸಿನಲ್ಲಿಟ್ಟು ಬರೆದವಲ್ಲ. ಮಧ್ಯದಲ್ಲಿ ಬೇಕಾದ ಹಾಗೆ ತಿದ್ದಲೂ ಆಗಲ್ಲ. ಬದಲಾವಣೆ ತುಂಬ ದೊಡ್ಡದಾದರೆ ಮತ್ತೆ ಟೆಂಡರ್ ಕರೆಯಬೇಕಾಗುತ್ತದೆ.

ನಾವು ಮಾಡಿಕೊಂಡ ದಾರಿ ಇದು. ಬೂಷ್ಟಿನ ದೂರು ಬಂದರೆ ಮೊದಲು ತೇವ ಅಳೆಯಲು ಗೊತ್ತಿರುವ ಒಬ್ಬರು ಹೋಗುತ್ತಾರೆ. ಆ ಮನೆ ಒಣಗುವವರೆಗೆ ಅವರದೇ ಹೊಣೆ. ಒಂದು ಮಿತಿಯವರೆಗಿನ ಖರ್ಚಿಗೆ ಯಾರ ಸಹಿಗೂ ಕಾಯಬೇಕಾಗಿಲ್ಲ. ಫ್ಯಾನ್, ದೋಣಿ, ಬಣ್ಣ ಎಲ್ಲ ಒಂದೇ ಆರ್ಡರಿನಡಿ. ಕೆಲವು ವಾರ ಬಿಟ್ಟು ಮತ್ತೆ ಹೋಗಿ ಅಳೆದ ಮೇಲೆಯೇ ಕೊನೆಯ ಕಂತಿನ ದುಡ್ಡು. ಕಂಟ್ರಾಕ್ಟರ್‌ಗಳು ಮೊದಲು ಮೂಗು ಮುರಿದರು. ಮನೆಯವರು ಬಟ್ಟೆ ಒಳಗೇ ಒಣಗಿಸಿದರೆ ನಾವೇನು ಮಾಡೋಣ ಅಂದರು. ಈ ವಾದ ನನಗೆ ಸಾಕಾಗಿದೆ. ಡಿಸೆಂಬರ್ ತಿಂಗಳಲ್ಲಿ, ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ, ಬಟ್ಟೆ ಮತ್ತೆಲ್ಲಿ ಒಣಗಿಸಬೇಕು? ಅನ್ನಕ್ಕಿಟ್ಟರೆ ಆವಿ ಬರದೆ ಇರುತ್ತದಾ? ಬಾಡಿಗೆದಾರರ ಜೀವನಶೈಲಿಯನ್ನು ದೂರುವುದು ನಿಲ್ಲಿಸಿ ಅಂತ ಬಾಡಿಗೆದಾರರ ದೂರುಗಳನ್ನು ವಿಚಾರಿಸುವ ಹೌಸಿಂಗ್ ಓಂಬುಡ್ಸ್‌ಮನ್ 2021ರಲ್ಲೇ ಹೇಳಿದ್ದರು.

ಇನ್ನು ಬಿಡಿಭಾಗಗಳ ಕಥೆ. ಖಾಸಗಿ ಬಿಲ್ಡರ್ ದೊಡ್ಡ ಬಡಾವಣೆ ಕಟ್ಟುವಾಗ, ಸಾಮಾನ್ಯವಾಗಿ ಅದರಲ್ಲಿ ಒಂದು ಪಾಲು ಮನೆಗಳು ಕಡಿಮೆ ಬಾಡಿಗೆಯವು ಆಗಿರಬೇಕು ಅಂತ ಕೌನ್ಸಿಲ್ ಷರತ್ತು ಹಾಕುತ್ತದೆ. ಅವನ್ನು ನಮ್ಮಂಥವರು ಕೊಳ್ಳುತ್ತೇವೆ. ಒಳಗೆ ಯಾವ ಬಾಯ್ಲರ್, ಯಾವ ನಲ್ಲಿ, ಯಾವ ಬೀಗ ಅಂತ ಆರಿಸಿದವನು ಬಿಲ್ಡರ್. ಹತ್ತು ಬಡಾವಣೆಯಲ್ಲಿ ಹತ್ತು ಕಂಪನಿಯವು. ವ್ಯಾನಿನಲ್ಲಿ ಎಷ್ಟು ಬಗೆ ಇಟ್ಟುಕೊಂಡು ಓಡಾಡಲು ಸಾಧ್ಯ? ಬಾಗಿಲ ಹಿಡಿಕೆಯ ಸ್ಪ್ರಿಂಗ್ ಸಿಗದೆ ಇಡೀ ಬಾಗಿಲು ಬದಲಿಸಿದ್ದಿದೆ. ಅಗ್ನಿನಿರೋಧಕ ಬಾಗಿಲಾದರೆ ಇನ್ನೂ ಕಷ್ಟ. ಅದನ್ನು ಪರೀಕ್ಷೆಗೆ ಒಳಪಡಿಸಿದಾಗ ಇದ್ದ ಭಾಗಗಳೇ ಬೇಕು, ಹತ್ತಿರದ ಅಂಗಡಿಯದು ನಡೆಯುವುದಿಲ್ಲ. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಅನ್ನುವ ವಸತಿ ಕಟ್ಟಡದ ಬೆಂಕಿಯಲ್ಲಿ 72 ಜನ ಸತ್ತ ಮೇಲೆ ಇದರಲ್ಲಿ ಯಾರೂ ರಾಜಿಯಾಗುವುದಿಲ್ಲ, ಆಗಲೂಬಾರದು. ಹಾಗಾಗಿ ನಮ್ಮ ನಿರ್ವಹಣೆಯವರು ಈಗ ಬಿಲ್ಡರ್ ಜೊತೆ ಮಾತುಕತೆಯ ಹಂತದಲ್ಲೇ ಕೂರುತ್ತಾರೆ. ಬಾಯ್ಲರ್ ಈ ಪಟ್ಟಿಯಲ್ಲಿರುವುದೇ ಇರಲಿ ಅಂತ ಕೇಳುತ್ತಾರೆ. ಎಲ್ಲ ಸಲ ನಡೆಯಲ್ಲ.

ಸ್ವಂತ ಕೆಲಸಗಾರರನ್ನೇ ಇಟ್ಟುಕೊಳ್ಳಬಾರದಾ ಅಂತ ಕೇಳುತ್ತಾರೆ. ಹಲವು ಸಂಸ್ಥೆಗಳು ಇಟ್ಟುಕೊಂಡಿವೆ. ಹೌಸಿಂಗ್ ಅಸೋಸಿಯೇಷನ್‌ಗೆ ಹೊರಗಿನ ಕಂಟ್ರಾಕ್ಟರ್ ಕೂಲಿಯ ಮೇಲೆ ಕಟ್ಟುವ ಶೇ 20 ವ್ಯಾಟ್ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಸ್ವಂತ ನೌಕರರ ಸಂಬಳಕ್ಕೆ ವ್ಯಾಟ್ ಇಲ್ಲ. ಆದರೆ ಎಲೆಕ್ಟ್ರಿಷಿಯನ್, ಪ್ಲಂಬರ್ ಸಿಗುವುದೇ ಕಷ್ಟ. ಸಿಕ್ಕವರನ್ನು ಖಾಸಗಿಯವರು ಜಾಸ್ತಿ ಸಂಬಳ ಕೊಟ್ಟು ಕರೆದುಕೊಂಡು ಹೋಗುತ್ತಾರೆ.

ನಮ್ಮ ಕಡೆಯವರಿಗೆ ಹೊಸದೆನಿಸುವ ಇನ್ನೊಂದು ವಿಷಯ ಇದೆ. 1980ರ ಕಾಯ್ದೆಯಲ್ಲಿ ಕೌನ್ಸಿಲ್ ಬಾಡಿಗೆದಾರರಿಗೆ ತಮ್ಮ ಮನೆ ಕೊಂಡುಕೊಳ್ಳುವ ಹಕ್ಕು ಸಿಕ್ಕಿತು. ಹಾಗಾಗಿ ಒಂದೇ ಕಟ್ಟಡದಲ್ಲಿ ಕೆಲವರು ಬಾಡಿಗೆದಾರರು, ಕೆಲವರು ಫ್ಲ್ಯಾಟ್ ಕೊಂಡವರು. ಮಾಡು ರಿಪೇರಿಯಲ್ಲಿ ಕೊಂಡವರೂ ಪಾಲು ಕೊಡಬೇಕು. ಒಬ್ಬರ ಪಾಲು 250 ಪೌಂಡ್ ದಾಟಿದರೆ ಮೊದಲೇ ನೋಟಿಸ್ ಕೊಟ್ಟು ಅಭಿಪ್ರಾಯ ಕೇಳಬೇಕು. ಒಂದು ವರ್ಷಕ್ಕಿಂತ ದೀರ್ಘ ಒಪ್ಪಂದವಾದರೆ ವರ್ಷಕ್ಕೆ 100 ಪೌಂಡ್ ದಾಟಿದರೆ ಸಾಕು. ಒಂದೊಂದು ನೋಟಿಸಿಗೆ 30 ದಿನ. ಕೇಳದೆ ಮಾಡಿದರೆ ಸಾಮಾನ್ಯವಾಗಿ ಆ ಮಿತಿಯಷ್ಟೇ ವಸೂಲಿ, ಉಳಿದದ್ದು ನಮ್ಮ ತಲೆಗೆ. ಮಾಡು ಸೋರುವುದು ನವೆಂಬರ್‌ನಲ್ಲಿ, ಕಾಗದಪತ್ರ ಮುಗಿಯುವುದು ಮಾರ್ಚ್‌ಗೆ. ತುರ್ತು ಇದ್ದರೆ ಟ್ರಿಬ್ಯುನಲ್‌ನಿಂದ ವಿನಾಯಿತಿ ಕೇಳಬಹುದು. ಅಲ್ಲಿಯವರೆಗೆ ಮೇಲಿನ ಮಹಡಿಯವರಿಗೆ ಟಾರ್ಪಾಲು.

ಅವಾಬ್ ಹೆಸರಿನ ಆ ಕಾನೂನಿನ ಮುಂದಿನ ಹಂತಗಳಲ್ಲಿ ಅತಿಯಾದ ಚಳಿ, ಜಾರಿ ಬೀಳುವ ಅಪಾಯ, ಬೆಂಕಿ, ವಿದ್ಯುತ್ ಎಲ್ಲವೂ ಬರಲಿವೆ. ನಾವು ಈಗ ವಿದ್ಯುತ್ ಕೆಲಸದ ಹೊಸ ಟೆಂಡರ್ ಬರೆಯುತ್ತಿದ್ದೇವೆ. ಹಳೆಯ ದಾಖಲೆಯಲ್ಲಿ ಹೊರಗಿಟ್ಟ ಕೆಲಸಗಳ ಪಟ್ಟಿಯಲ್ಲಿ ಎಕ್ಸಾಸ್ಟ್ ಫ್ಯಾನ್ ಇತ್ತು. ಅದನ್ನು ಮೊದಲು ತೆಗೆಸಿದೆವು. ದರ ಸ್ವಲ್ಪ ಜಾಸ್ತಿಯಾಗುತ್ತದೆ ಅಂತ ಹಣಕಾಸು ವಿಭಾಗದವರಿಗೆ ಈಗಲೇ ಬರೆದು ತಿಳಿಸಿದ್ದೇವೆ.