ನನ್ನ ಅಂಗಡಿಗೆ ಗ್ಯಾಸ್ ಮಾತ್ರೆ ಕೇಳಿ ಬರುವವರು

ತಿಪಟೂರು ಸೀಮೆಯಲ್ಲಿ 26 ವರ್ಷಗಳಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಅದಕ್ಕೆ ಇರುವುದು ಒಂದೇ ಹೆಸರು: ಗ್ಯಾಸ್. ಉರಿದರೆ ಗ್ಯಾಸ್, ಹಿಡಿದರೆ ಗ್ಯಾಸ್, ಬೆನ್ನಿಗೆ ಹೊಡೆದರೂ ಗ್ಯಾಸ್. ಎಡಗೈ ಸೇದಿದರೆ ಗ್ಯಾಸು ಕೈಗೆ ಇಳಿದಿದೆ ಎನ್ನುತ್ತಾರೆ. ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟಾಪ್ರಜೋಲ್ ಮಾತ್ರೆಯ ಡಬ್ಬವನ್ನು ಗಲ್ಲಾದ ಪಕ್ಕದಲ್ಲೇ ಇಟ್ಟಿದ್ದೇನೆ, ಏಕೆಂದರೆ ದಿನಕ್ಕೆ ಹೆಚ್ಚು ಸಲ ಕೈ ಹೋಗುವುದು ಅದಕ್ಕೇ. ಚೀಟಿ ಇಲ್ಲದೆ ಕೊಡುತ್ತೀರಾ ಎಂದು ಯಾರೂ ಕೇಳಬೇಡಿ. ಕೊಡುತ್ತೇನೆ.

2025ರ ಜನವರಿಯಲ್ಲಿ ಅದೇ ಡಬ್ಬದಿಂದ ನನ್ನ ಭಾವನಿಗೂ ಒಂದು ಸ್ಟ್ರಿಪ್ ಕೊಟ್ಟೆ.

ಭಾವನಿಗೆ ಆಗ 58. ತೆಂಗಿನ ತೋಟ, ಮನೆಯ ಮೇಲೆ ಕೊಬ್ಬರಿ ಅಟ್ಟ. ಸಕ್ಕರೆ ಕಾಯಿಲೆ ಇಲ್ಲ. ಬೀಡಿ ಬಿಟ್ಟು ಹತ್ತು ವರ್ಷವಾಯಿತು ಎನ್ನುತ್ತಾರೆ, ಅಕ್ಕ ಒಪ್ಪುವುದಿಲ್ಲ. ಒಂದು ಭಾನುವಾರ ಅಟ್ಟದ ಏಣಿ ಹತ್ತುವಾಗ, ನಾಲ್ಕನೆಯ ಮೆಟ್ಟಿಲಿನಲ್ಲಿ, ಎದೆಯ ನಡುವೆ ಯಾರೋ ಕಾಯಿಚೀಲ ಹೇರಿದಂತಾಯಿತಂತೆ. ಇಳಿದು ಜಗಲಿಯ ಮೇಲೆ ಕುಳಿತರು. ಐದು ನಿಮಿಷದಲ್ಲಿ ಹೋಯಿತು. ಸಂಜೆ ಅಂಗಡಿಗೆ ಬಂದಾಗ "ಅವರೆಕಾಳು ಸಾರು ಜಾಸ್ತಿ ಆಯಿತು, ಗ್ಯಾಸಿಗೆ ಏನಾದರೂ ಕೊಡಪ್ಪ" ಎಂದರು. ಏಣಿಯ ಮಾತನ್ನೂ ಹೇಳಿದರು. ಅವರು ಮುಚ್ಚಿಟ್ಟಿದ್ದರೆ ನನಗೆ ಇಂದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಏಣಿಯ ಮಾತು ಕೇಳಿಸಿಕೊಂಡೇ ನಾನು ಸ್ಟ್ರಿಪ್ ಕತ್ತರಿಸಿ ಕೊಟ್ಟೆ. ಮಾಗಿಯ ಅವರೆಕಾಯಿಯ ಮೇಲೆ ನನಗೂ ಅಷ್ಟು ನಂಬಿಕೆ.

ಬುಧವಾರ ಡೇರಿಗೆ ಹಾಲು ಒಯ್ಯುವಾಗ ಮತ್ತೆ ಬಂತು, ಈ ಸಲ ದವಡೆಯವರೆಗೆ. ನಿಂತರು, ಹೋಯಿತು. ಗುರುವಾರ ರಾತ್ರಿ ಸುಮ್ಮನೆ ಟಿವಿ ನೋಡುತ್ತ ಕುಳಿತಿದ್ದಾಗ ಬಂದು, ಬೆವರಿಸಿ, ಹತ್ತು ನಿಮಿಷಕ್ಕೆ ಬಿಟ್ಟಿತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಮೊದಲು ಹತ್ತಿದರೆ ಮಾತ್ರ, ನಂತರ ನಡೆದರೆ ಸಾಕು, ಕೊನೆಗೆ ಕುಳಿತಲ್ಲೇ. ಹೊಟ್ಟೆಯ ಗ್ಯಾಸು ಹೀಗೆ ಮೆಟ್ಟಿಲು ಎಣಿಸಿಕೊಂಡು ಬರುವುದಿಲ್ಲ. ರಕ್ತನಾಳದೊಳಗೆ ಕಟ್ಟಿಕೊಂಡ ಕೊಬ್ಬಿನ ಗಂಟು ಬಿರುಕು ಬಿಟ್ಟು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟುತ್ತಿರುವಾಗ ನೋವು ಹೀಗೆ ಬಂದು ಹೋಗುತ್ತದೆ. ಡ್ರಿಪ್ ಪೈಪಿನ ತೂತಿಗೆ ಕಸ ಸಿಕ್ಕಿ ಒಮ್ಮೆ ಹನಿ ಬೀಳುವುದು, ಒಮ್ಮೆ ನಿಲ್ಲುವುದು ಭಾವನೇ ದಿನಾ ತೋಟದಲ್ಲಿ ನೋಡುವ ಸಂಗತಿ.

ಶುಕ್ರವಾರ ಬೆಳಗಿನ ಜಾವ ನಾಲ್ಕಕ್ಕೆ ಅಕ್ಕನ ಫೋನು. ಈ ಸಲ ನೋವು ಬಿಟ್ಟಿರಲಿಲ್ಲ. ನಾನು ಒಂದೇ ಒಂದು ಸರಿಯಾದ ಕೆಲಸ ಮಾಡಿದೆ: 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಿದೆ. ರಕ್ತನಾಳ ಸಡಿಲಿಸಲು ನಾಲಿಗೆಯ ಕೆಳಗೆ ಇಡುವ ಸಾರ್ಬಿಟ್ರೇಟ್ ಮಾತ್ರೆ ಜೇಬಿನಲ್ಲಿತ್ತು. ಬಿಪಿ ನೋಡದೆ ಅದನ್ನು ಕೊಟ್ಟರೆ ಬಿಪಿ ಕುಸಿದು ಮನುಷ್ಯ ಅಲ್ಲೇ ಬೀಳಬಹುದು ಎಂದು ಕೊಡಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೋದ ತಕ್ಷಣ ಇಸಿಜಿ ತೆಗೆದು ಮೊಬೈಲಿನಲ್ಲಿ ಬೆಂಗಳೂರಿನ ಹೃದ್ರೋಗ ತಜ್ಞರಿಗೆ ಕಳಿಸಿದರು. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಸೂಜಿ ಬಿದ್ದಾಗ ಗಡಿಯಾರದಲ್ಲಿ ಐದೂ ಹತ್ತು. ನಟ ಪುನೀತ್ ರಾಜ್‌ಕುಮಾರ್ 2021ರಲ್ಲಿ 46ನೇ ವಯಸ್ಸಿಗೆ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆ ಇರುವುದು ಇದಕ್ಕಾಗಿಯೇ. ಆ ದುಬಾರಿ ಸೂಜಿಗೆ ನಾವು ಒಂದು ಪೈಸೆ ಕೊಡಲಿಲ್ಲ. ಮರುದಿನ ಬೆಂಗಳೂರಿನಲ್ಲಿ ಆಂಜಿಯೋ ಆಯಿತು, ಒಂದು ಸ್ಟೆಂಟ್ ಹಾಕಿದರು. ಎಕೋದಲ್ಲಿ ಹೃದಯದ ಪಂಪಿಂಗ್, ಅಂದರೆ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಗೆ ತಳ್ಳುವ ಪಾಲು, ನೂರಕ್ಕೆ 52 ಎಂದು ಬಂತು. ಹೆಚ್ಚು ಕಡಿಮೆ ಸರಿಯಿದ್ದ ಹೃದಯವೇ.

ಬಿಡುಗಡೆಯ ದಿನ ಅಲ್ಲಿನ ಯುವ ವೈದ್ಯರು ಒಂದು ಮಾತು ಹೇಳಿದರು. "ಬೇಗ ಕರೆತಂದಿರಿ, ಅದು ದೊಡ್ಡದು. ಜೊತೆಗೆ ಹಿಂದಿನ ದಿನ ನೋವು ಬಂದು ಹೋಗಿತ್ತಲ್ಲ, ಅದೂ ಹೃದಯವನ್ನು ಸ್ವಲ್ಪ ಪಳಗಿಸಿರಬಹುದು."

ಸಮಾಧಾನಕ್ಕೆ ಹೇಳಿದರು ಎಂದುಕೊಂಡೆ. ಮನೆಗೆ ಬಂದು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಿದೆ. ಸುಳ್ಳಲ್ಲ. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಮರಿ, ಜೆನ್ನಿಂಗ್ಸ್ ಮತ್ತು ರೈಮರ್ ಎಂಬುವರು ನಾಯಿಗಳ ಹೃದಯದ ರಕ್ತನಾಳವನ್ನು ಐದೈದು ನಿಮಿಷ ನಾಲ್ಕು ಸಲ ಕಟ್ಟಿ ಬಿಚ್ಚಿ, ಆಮೇಲೆ 40 ನಿಮಿಷ ಕಟ್ಟಿದರು. ಹೀಗೆ ಮೊದಲೇ ಪಳಗಿದ ಹೃದಯದಲ್ಲಿ ಸತ್ತ ಸ್ನಾಯು, ನೇರವಾಗಿ 40 ನಿಮಿಷ ಕಟ್ಟಿದ್ದರಲ್ಲಿ ಸತ್ತದ್ದರ ಕಾಲು ಭಾಗ ಮಾತ್ರ. ನಂತರ ಮನುಷ್ಯರಲ್ಲಿ ನೋಡಿದಾಗಲೂ, ಆಘಾತಕ್ಕೆ ಮೊದಲು ಎದೆನೋವು ಬಂದಿದ್ದವರಲ್ಲಿ, ಅದರಲ್ಲೂ ಹಿಂದಿನ 24 ಗಂಟೆಗಳಲ್ಲಿ ಬಂದಿದ್ದವರಲ್ಲಿ, ಹೃದಯಕ್ಕೆ ಆದ ಹಾನಿ ಕಡಿಮೆ ಇದ್ದದ್ದು ಕಂಡಿತು. ವಯಸ್ಸಾದವರಿಗೂ ಸಕ್ಕರೆ ಕಾಯಿಲೆಯವರಿಗೂ ಈ ಲಾಭ ಅಷ್ಟಾಗಿ ಸಿಗುವುದಿಲ್ಲವಂತೆ.

ಗುರುವಾರದ ಆ ಹತ್ತು ನಿಮಿಷ ಭಾವನನ್ನು ಸ್ವಲ್ಪ ಉಳಿಸಿರಬಹುದು ಎಂದು ಓದಿದಾಗ ಖುಷಿಯಾಯಿತು ಎಂದರೆ ಸುಳ್ಳಾಗುತ್ತದೆ. ಭಾನುವಾರವೇ ಇಸಿಜಿ ತೆಗೆಸಿದ್ದರೆ ಶುಕ್ರವಾರವೇ ಬರುತ್ತಿರಲಿಲ್ಲವೇನೋ. ಇನ್ನೊಂದು ಅಮೆರಿಕದ ಅಧ್ಯಯನವೂ ಸಿಕ್ಕಿತು, ಒರೆಗಾನ್‌ನದು, 2016ರಲ್ಲಿ ಪ್ರಕಟವಾದದ್ದು. ಅದು ಹೃದಯಾಘಾತದ್ದಲ್ಲ, ಹೃದಯವೇ ಇದ್ದಕ್ಕಿದ್ದಂತೆ ನಿಂತುಹೋಗುವುದರದ್ದು. ವಿವರ ಸಿಕ್ಕ 839 ಜನರಲ್ಲಿ ಅರ್ಧದಷ್ಟು ಮಂದಿಗೆ ಹಿಂದಿನ ನಾಲ್ಕು ವಾರಗಳಲ್ಲಿ ಏನಾದರೊಂದು ಸೂಚನೆ ಇತ್ತು. ಅವರಲ್ಲಿ ತುರ್ತು ಕರೆ ಮಾಡಿದ್ದವರು ಐದರಲ್ಲಿ ಒಬ್ಬರೂ ಇಲ್ಲ. ಕರೆ ಮಾಡಿದವರಲ್ಲಿ ನೂರಕ್ಕೆ 32 ಮಂದಿ ಬದುಕಿದರು, ಮಾಡದವರಲ್ಲಿ ನೂರಕ್ಕೆ 6. ಮಾಡದವರಲ್ಲಿ ಎಷ್ಟು ಮಂದಿ ಮೊದಲು ನನ್ನಂಥವನ ಅಂಗಡಿಗೆ ಹೋಗಿದ್ದರು ಎಂಬುದನ್ನು ಯಾರೂ ಎಣಿಸಿರಲಿಕ್ಕಿಲ್ಲ.

ನೋವಾದರೂ ಪುಣ್ಯ. ನೋವೇ ಇಲ್ಲದವರ ಗತಿ ಬೇರೆ. ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಅಮ್ಮ, ಹನ್ನೆರಡು ವರ್ಷಗಳಿಂದ ನನ್ನಲ್ಲೇ ಸಕ್ಕರೆ ಮಾತ್ರೆ ಒಯ್ಯುವವರು, ಭಾವನ ಘಟನೆಗೆ ಒಂದು ವರ್ಷ ಮೊದಲು ಮೂರು ವಾರ ಬಿಡದೆ ಸುಸ್ತು ಎಂದರು. ರಾತ್ರಿ ನಿದ್ದೆ ಇಲ್ಲ, ಕೊಡ ಎತ್ತಿದರೆ ಉಸಿರು ಸಾಲದು. ಟಾನಿಕ್ ಕೇಳಿದರು. ಕೊಟ್ಟೆ. ಖಾಲಿಯಾದ ಮೇಲೆ ಇನ್ನೊಂದು ಬಾಟಲಿ ಕೊಟ್ಟೆ. ಕೊನೆಗೆ ಏದುಸಿರು ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಿದಾಗ, ಹೃದಯಾಘಾತವಾಗಿ ಎರಡು ದಿನ ಕಳೆದಿದೆ ಎಂದರು. ಹೆಪ್ಪು ಕರಗಿಸುವ ಸೂಜಿಗೆ ಹೊತ್ತು ಮೀರಿತ್ತು. ಅವರ ಪಂಪಿಂಗ್ 30. ಈಗ ಮೂರು ದಿಂಬು ಒರಗಿಕೊಂಡು ಮಲಗುತ್ತಾರೆ, ನೀರು ಇಳಿಸುವ ಮಾತ್ರೆ ದಿನಾ ಬೇಕು. ಮಗಳು ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸಿ ಕೊಟ್ಟಿದ್ದಾಳೆ.

ಅದನ್ನೂ ಹುಡುಕಿ ಓದಿದ್ದೇನೆ. ಹೃದಯಾಘಾತವಾಗಿ ಬದುಕಿದ 515 ಹೆಂಗಸರನ್ನು ಕೇಳಿ 2003ರಲ್ಲಿ ಅಮೆರಿಕದಲ್ಲೇ ಪ್ರಕಟಿಸಿದ ಅಧ್ಯಯನ. ನೂರಕ್ಕೆ 70 ಮಂದಿಗೆ ಮೊದಲಿನ ದಿನಗಳಲ್ಲಿ ಇದ್ದದ್ದು ಎಂದೂ ಇಲ್ಲದ ಸುಸ್ತು, ಸುಮಾರು ಅರ್ಧದಷ್ಟು ಮಂದಿಗೆ ನಿದ್ದೆಗೇಡು. ಎದೆಯಲ್ಲಿ ತೊಂದರೆ ಎಂದವರು ನೂರಕ್ಕೆ 30. ಹೆಂಗಸರು ಸುಸ್ತು ಎಂದರೆ ಅದನ್ನು ರೋಗವೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ? ಹೇಳಿದವರಿಗೂ ಇರಲಿಲ್ಲ, ಕೇಳಿದ ನನಗೂ ಇರಲಿಲ್ಲ.

2025ರ ಜುಲೈನಲ್ಲಿ ಪಕ್ಕದ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಓಡಿದಾಗ, ಏನೂ ಇಲ್ಲದವರೆಲ್ಲ ಇಸಿಜಿಗೆ ಓಡಿದರು. ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನಿಂದಲೇ ಸಾಲು. ಎರಡು ವಾರ ನನ್ನ ಪ್ಯಾಂಟಾಪ್ರಜೋಲ್ ಮಾರಾಟ ಇಳಿಯಿತು. ಆಗಸ್ಟ್ ಹೊತ್ತಿಗೆ ಮತ್ತೆ ಮೊದಲಿನಂತೆ.

ಈಗ ನಾನು ಮಾತ್ರೆ ಕೊಡುವ ಮುನ್ನ ಮೂರು ಪ್ರಶ್ನೆ ಕೇಳುತ್ತೇನೆ. ಹತ್ತಿದರೆ, ನಡೆದರೆ ಹೆಚ್ಚುತ್ತದೆಯೇ? ನಿಂತರೆ ಬಿಡುತ್ತದೆಯೇ? ಬೆವರು, ದವಡೆ, ಕೈ ಏನಾದರೂ? ಒಂದಕ್ಕೆ ಹೌದು ಎಂದರೂ ಮಾತ್ರೆ ಇಲ್ಲ, ಮೊದಲು ಆಸ್ಪತ್ರೆಗೆ ಹೋಗಿ ಎನ್ನುತ್ತೇನೆ. ಭಾವ ತಿಂಗಳ ಮಾತ್ರೆಗೆ ಬಂದಾಗ ಬೆಂಚಿನ ಮೇಲೆ ಕುಳಿತು ಇದನ್ನೆಲ್ಲ ಕೇಳಿ ನಗುತ್ತಾರೆ. "ನನಗೆ ಕೇಳಲಿಲ್ಲವಲ್ಲೋ" ಎನ್ನುತ್ತಾರೆ. ಅವರ ಮಟ್ಟಿಗೆ ಅದು ತಮಾಷೆ.

ನಿನ್ನೆ ಸಂಜೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು, ನಲವತ್ತರ ಆಸುಪಾಸು, ಬೈಕ್ ನಿಲ್ಲಿಸದೆಯೇ ಗ್ಯಾಸ್ ಮಾತ್ರೆ ಕೇಳಿದರು. ಮೂರು ಪ್ರಶ್ನೆ ಹಾಕಿದೆ. ಮೊದಲನೆಯದಕ್ಕೆ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. "ನೀವೇನು ಡಾಕ್ಟರಾ? ಕೊಡುವುದಾದರೆ ಕೊಡಿ" ಎಂದರು. ಕೊಡಲಿಲ್ಲ. ಸರ್ಕಲ್ಲಿನ ಇನ್ನೊಂದು ಅಂಗಡಿಯ ಕಡೆಗೆ ಬೈಕ್ ತಿರುಗಿತು. ಇವತ್ತು ಬೆಳಿಗ್ಗೆ ಅಂಗಡಿ ತೆಗೆಯುವ ಮುನ್ನ, ದಾರಿ ಸುತ್ತಾದರೂ, ಬ್ಯಾಂಕಿನ ಮುಂದಿನಿಂದ ಹೋದೆ. ಬಾಗಿಲು ಇನ್ನೂ ತೆರೆದಿರಲಿಲ್ಲ.