ಎಣ್ಣೆ, ಟೈಟು, ಔಟು

ದಾವಣಗೆರೆಯಲ್ಲಿ ಗಂಡಸರು ತಮ್ಮೊಳಗೆ ಮಾತನಾಡುವಾಗ ‘ಕುಡಿದಿದ್ದಾನೆ’ ಎಂದು ನೇರವಾಗಿ ಹೇಳುವುದು ಅಪರೂಪ. ಕುಡಿಯುವುದು ‘ಎಣ್ಣೆ ಹೊಡೆಯುವುದು’ ಅಥವಾ ‘ಗುಂಡು ಹಾಕುವುದು’ ಆಗುತ್ತದೆ, ಸಲುಗೆ ಹೆಚ್ಚಿದ್ದರೆ ‘ತೀರ್ಥ ತಗೊಳ್ಳೋದು’ ಆಗುತ್ತದೆ. 90 ಮಿಲಿಲೀಟರಿಗೆ ‘ನೈಂಟಿ’, 180ಕ್ಕೆ ‘ಕ್ವಾಟ್ರು’ ಎಂಬ ಹೆಸರುಗಳಿವೆ.

ನನ್ನನ್ನು ಹೆಚ್ಚು ಸೆಳೆಯುವುದು ಅಮಲಿನ ಹಂತಗಳನ್ನು ಈ ಆಡುಮಾತು ಗುರುತಿಸುವ ನಿಖರತೆ. ‘ಏರೈತೆ’ ಎಂದರೆ ಮಾತು ಜೋರಾಗಿದೆ, ಆದರೂ ಮಂಡಕ್ಕಿ-ಮಿರ್ಚಿಯ ದುಡ್ಡನ್ನು ಅವನು ಸರಿಯಾಗಿ ಎಣಿಸಿ ಕೊಡಬಲ್ಲ. ‘ಟೈಟಾಗಿದಾನೆ’ ಎಂದರೆ ಕಾಲು ತೂರಾಡುತ್ತಿದೆ, ಬೈಕಿನ ಕೀಲಿಯನ್ನು ಜೊತೆಯವರು ಕಸಿದುಕೊಳ್ಳಲೇಬೇಕು. ‘ಔಟ್’ ಎಂದರೆ ಇಬ್ಬರು ಹೆಗಲು ಕೊಟ್ಟು ಆಟೋ ಹತ್ತಿಸಬೇಕು. ಅಚ್ಚಗನ್ನಡದ ‘ಸೊಕ್ಕು’ ಎಂಬ ಪದಕ್ಕೆ ಅಮಲು, ಅಹಂಕಾರ ಎರಡೂ ಅರ್ಥಗಳಿವೆ. ಇಂದಿನ ಆಡುಮಾತಿನಲ್ಲಿ ಎರಡನೆಯದೇ ಉಳಿದಿರುವುದು ನನಗೆ ನಷ್ಟವೆನಿಸುತ್ತದೆ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ, ಪ್ಲಾಸ್ಟಿಕ್ ಚೀಲದ ಸಾರಾಯಿಗಿದ್ದ ‘ಪಾಕೀಟು’ ಎಂಬ ಹೆಸರೂ ಬಳಕೆಯಿಂದ ಸರಿಯಿತು.

ಹೆಂಗಸರ ಮಾತು ಬೇರೆ. ಮನೆಯ ದುಡ್ಡು ಬಾರಿಗೆ ಹೋಗುವುದನ್ನು ಕಂಡವರು ಎಣ್ಣೆ, ತೀರ್ಥ ಎನ್ನುವುದಿಲ್ಲ. ‘ಕುಡ್ದು ಬಂದಾನೆ’ ಎಂದೇ ಹೇಳುತ್ತಾರೆ, ಮತ್ತು ಆ ನೇರ ಮಾತನ್ನೇ ನಾನು ಹೆಚ್ಚು ಗೌರವಿಸುತ್ತೇನೆ.