ಅಕ್ವೇರಿಯಂ ಫೋಟೋ: ಮೊದಲು ಶಟರ್, ಉಳಿದದ್ದು ಆಮೇಲೆ

ಮೀನಿನ ತೊಟ್ಟಿ ಬರಿಗಣ್ಣಿಗೆ ಝಗಮಗಿಸುತ್ತಿದ್ದರೂ ಕ್ಯಾಮೆರಾ ಪಾಲಿಗೆ ಅಲ್ಲಿರುವುದು ಮಂದ ಬೆಳಕೇ. ಆಟೋ ಮೋಡ್‌ಗೆ ಬಿಟ್ಟರೆ ಬೆಳಕು ಸಾಲದೆಂದು ಅದು ಶಟರ್ ವೇಗವನ್ನು (ಸೆನ್ಸರಿಗೆ ಬೆಳಕು ಬೀಳುವ ಕಾಲ) 1/30 ಸೆಕೆಂಡಿಗೋ ಇನ್ನೂ ಕೆಳಕ್ಕೋ ಇಳಿಸುತ್ತದೆ. ಗಿಡ, ಕಲ್ಲು, ಮರದ ಬೇರು ಎಲ್ಲ ಸ್ಪಷ್ಟವಾಗಿ ಬಂದು ಮೀನು ಮಾತ್ರ ಬಣ್ಣದ ಗೀಟಾಗಿ ಉಳಿಯುವುದು ಇದರಿಂದಲೇ. ಆದ್ದರಿಂದ ಮೊದಲು ಶಟರ್ ನಿಗದಿ ಮಾಡಿ. ಅಪರ್ಚರ್ (ಲೆನ್ಸಿನ ಬೆಳಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಆಮೇಲೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಕೊನೆಗೆ.

ಡಿಸ್ಕಸ್, ಏಂಜೆಲ್, ಬೆಟ್ಟಾದಂಥ ನಿಧಾನಸ್ಥರಿಗೆ 1/125 ಸಾಕು. ಗಪ್ಪಿ, ಟೆಟ್ರಾಗಳಿಗೆ 1/250. ಒಂದು ಕಡೆ ನಿಲ್ಲದ ಜೀಬ್ರಾ ಡ್ಯಾನಿಯೋ, ಬಾರ್ಬ್‌ಗಳಿಗೆ 1/500 ಬೇಕಾಗುತ್ತದೆ. ಫ್ರೇಮಿನಲ್ಲಿ ಮೀನು ದೊಡ್ಡದಾದಷ್ಟೂ ಅದರ ಚಲನೆಯೂ ದೊಡ್ಡದಾಗಿ ದಾಖಲಾಗುತ್ತದೆ. ಇಡೀ ತೊಟ್ಟಿಯ ಚಿತ್ರಕ್ಕೆ ನಡೆದ ವೇಗ ಕ್ಲೋಸಪ್‌ಗೆ ನಡೆಯದು.

ಅಪರ್ಚರ್ ವಿಷಯದಲ್ಲಿ ಎರಡೂ ಕಡೆಯ ಎಳೆದಾಟವಿದೆ. ಎಫ್/2.8ರಲ್ಲಿ ಬೆಳಕು ಧಾರಾಳ, ಆದರೆ ಕಣ್ಣು ಫೋಕಸ್‌ನಲ್ಲಿದ್ದರೆ ಬಾಲ ಇರುವುದಿಲ್ಲ. ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಮೀನನ್ನು ಅದರ ನಿಜ ಗಾತ್ರದ ಅರ್ಧದಷ್ಟಾಗಿ ಸೆನ್ಸರ್ ಮೇಲೆ ಮೂಡಿಸುವಷ್ಟು ಹತ್ತಿರ ಹೋದರೆ, ಎಫ್/5.6ರಲ್ಲೂ ಸಿಗುವ ಫೋಕಸ್ ಆಳ ಸುಮಾರು 2 ಮಿ.ಮೀ. ಮಾತ್ರ. ಫ್ಲ್ಯಾಶ್ ಇಲ್ಲದಿದ್ದರೆ ಎಫ್/4 ಇಟ್ಟುಕೊಂಡು, ಮೀನು ಗಾಜಿಗೆ ಸಮಾನಾಂತರವಾಗಿ ಪಕ್ಕ ತೋರಿಸುವ ಕ್ಷಣಕ್ಕೆ ಕಾಯುವುದೇ ಜಾಣತನ. ಆಗ ಮೂತಿಯಿಂದ ಬಾಲದವರೆಗೆ ಒಂದೇ ದೂರ.

ಐಎಸ್‌ಒ ಆಟೋದಲ್ಲಿರಲಿ, ಆದರೆ 3200ರ ಮಿತಿ ಹಾಕಿ. ಮೋಡ್ ಮ್ಯಾನುಯಲ್, ಅಂದರೆ ಶಟರ್, ಅಪರ್ಚರ್ ಎರಡೂ ನಿಮ್ಮ ಕೈಯಲ್ಲಿ. ದೀಪ ಮೇಲಿರುವುದರಿಂದ ಮೇಲ್ಮೈ ಬಳಿಯ ಮೀನಿಗೂ ತಳದ ಕೋರಿಡೋರಾಸ್‌ಗೂ ಬೀಳುವ ಬೆಳಕಿನಲ್ಲಿ ಬಹಳ ಅಂತರವಿದೆ. ಪ್ರತಿ ಸಲ ಕೈಯಲ್ಲಿ ತಿದ್ದುವಷ್ಟರಲ್ಲಿ ಮೀನು ಗಿಡದ ಹಿಂದೆ. ಹಿನ್ನೆಲೆ ಕಪ್ಪಾಗಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಚಿತ್ರದ ಹೊಳಪನ್ನು ಏರಿಳಿಸುವ ಸೆಟ್ಟಿಂಗ್) ಮೈನಸ್ 2/3ರಿಂದ ಮೈನಸ್ 1ರವರೆಗೆ ಇಳಿಸಿ. ಇಲ್ಲವಾದರೆ ಕ್ಯಾಮೆರಾ ಆ ಕಪ್ಪನ್ನು ಬೂದು ಮಾಡಲು ಹೋಗಿ, ಬೆಳ್ಳಿ ಮೈಯ ಮೀನಿನ ಹುರುಪೆಗಳನ್ನು ಬಿಳಿ ಕಲೆಯಾಗಿಸುತ್ತದೆ. ಐಎಸ್‌ಒ ಏರಿದರೆ ಗ್ರೈನ್ (ಕಾಳುಕಾಳಾದ ಚುಕ್ಕೆಗಳು) ಬಂದೀತೆಂದು ಹೆದರಿ ಶಟರ್ ಇಳಿಸುವವರೇ ಹೆಚ್ಚು. ಗ್ರೈನನ್ನು ಸಾಫ್ಟ್‌ವೇರ್ ಕಡಿಮೆ ಮಾಡಬಲ್ಲದು, ಅಲುಗಿದ ಮೀನನ್ನು ಯಾರೂ ಸರಿಮಾಡಲಾರರು.

ಎಲ್‌ಇಡಿ ದೀಪಗಳದ್ದು ಬೇರೆಯೇ ತಗಾದೆ. ಡಿಮ್ಮರ್ ಇರುವ ಅನೇಕ ದೀಪಗಳು ಬೆಳಕನ್ನು ಕಮ್ಮಿ ಮಾಡುವುದು ಅತಿ ವೇಗವಾಗಿ ಆರಿ ಹೊತ್ತಿಕೊಳ್ಳುವ ಮೂಲಕ. ಕಣ್ಣಿಗೆ ಗೊತ್ತಾಗದು, ಫೋಟೋದಲ್ಲಿ ಮಾತ್ರ ಕಪ್ಪು ಪಟ್ಟೆಗಳು ಅಡ್ಡಡ್ಡ ಬೀಳುತ್ತವೆ. ದೀಪವನ್ನು ನೂರಕ್ಕೆ ನೂರು ಏರಿಸಿದರೆ ಹೆಚ್ಚಿನ ದೀಪಗಳಲ್ಲಿ ಪಟ್ಟೆ ಮಾಯ, ಮೇಲಾಗಿ ಬೆಳಕೂ ಸಿಗುತ್ತದೆ. ಸೈಲೆಂಟ್ ಅಥವಾ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರ್ ಬಳಸಿ. ಎಲೆಕ್ಟ್ರಾನಿಕ್ ಶಟರ್ ಸೆನ್ಸರನ್ನು ಸಾಲುಸಾಲಾಗಿ ಓದುವುದರಿಂದ ಪಟ್ಟೆ ಇನ್ನಷ್ಟು ಎದ್ದು ಕಾಣುತ್ತದೆ. ಅಗ್ಗದ ಡ್ರೈವರ್ (ಎಲ್‌ಇಡಿಗೆ ವಿದ್ಯುತ್ ಒದಗಿಸುವ ಭಾಗ) ಇರುವ ದೀಪ ಮನೆಯ ವಿದ್ಯುತ್ತಿನ ಲಯಕ್ಕೇ ಮಿನುಗಬಹುದು. 50 ಹರ್ಟ್ಜ್ ಇರುವಲ್ಲಿ ಅದು ಸೆಕೆಂಡಿಗೆ 100 ಸಲ. ಅಂಥ ಕಡೆ 1/100 ಸುರಕ್ಷಿತ. ಪರೀಕ್ಷೆ ಸುಲಭ: ದೀಪದ ಕೆಳಗೆ ಬಿಳಿ ಕಾಗದ ಹಿಡಿದು 1/500ರಲ್ಲಿ ಒಂದು ಫೋಟೋ ತೆಗೆದು ನೋಡಿ.

ಇನ್ನು ಗಾಜು. ಲೆನ್ಸ್ ಗಾಜಿಗೆ ನೇರವಾಗಿ, ಲಂಬವಾಗಿರಬೇಕು. ಓರೆಯಾಗಿ ಹಿಡಿದರೆ ಗಾಜು ಮತ್ತು ನೀರು ಬೆಳಕಿನ ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆ ಕೋನಕ್ಕೆ ಬಾಗಿಸುತ್ತವೆ; ಅಂಚುಗಳಲ್ಲಿ ನೇರಳೆ-ಹಸಿರು ಗೆರೆ ಮೂಡಿ ಇಡೀ ಚಿತ್ರ ಮಸುಕಾಗುತ್ತದೆ. ಎಷ್ಟೇ ದುಬಾರಿ ಲೆನ್ಸ್ ಇದ್ದರೂ ಇದಕ್ಕೆ ಪರಿಹಾರವಿಲ್ಲ. ದುಂಡು ಬೋಗುಣಿಯಲ್ಲಿ ಒಳ್ಳೆಯ ಫೋಟೋ ಬರದಿರುವುದಕ್ಕೂ ಇದೇ ಕಾರಣ (ಮೀನಿಗೂ ಆ ಬೋಗುಣಿ ಒಳ್ಳೆಯದಲ್ಲ, ಅದಿರಲಿ).

ಪ್ರತಿಫಲನ ತಪ್ಪಿಸಲು ಪೋಲರೈಸರ್ ಎಂಬ ಲೆನ್ಸ್ ಫಿಲ್ಟರ್ ಹಾಕಿ ಎಂಬ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಇಲ್ಲಿ ಅದು ಕೆಲಸಕ್ಕೆ ಬಾರದು. ಓರೆಯಾಗಿ ನೋಡಿದಾಗಿನ ಪ್ರತಿಫಲನವನ್ನು ಅದು ತಡೆಯುತ್ತದೆಯೇ ಹೊರತು ನೇರ ಎದುರಿನದ್ದನ್ನಲ್ಲ. ನಾವು ನಿಲ್ಲಬೇಕಾದದ್ದು ನೇರವಾಗಿ. ಜೊತೆಗೆ ಪೋಲರೈಸರ್ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕಿಳಿದಂತೆ) ಬೆಳಕನ್ನೂ ನುಂಗುತ್ತದೆ. ಅದರ ಬದಲು ಕೋಣೆಯ ದೀಪ ಆರಿಸಿ, ಪರದೆ ಎಳೆದು, ಕಪ್ಪು ಅಂಗಿ ತೊಟ್ಟು ನಿಲ್ಲಿ. ರಬ್ಬರ್ ಹುಡ್ ಇದ್ದರೆ ಗಾಜಿಗೇ ಒತ್ತಿ ಹಿಡಿಯಿರಿ, ಆದರೆ ಬಡಿಯಬೇಡಿ. ಮೀನುಗಳು ಬೆದರಿ ಬಣ್ಣ ಕಳೆದುಕೊಂಡರೆ ಮತ್ತೆ ಮೈದುಂಬಲು ಹೊತ್ತು ಹಿಡಿಯುತ್ತದೆ.

ಫೋಕಸ್‌ಗೆ ಕಂಟಿನ್ಯುಯಸ್ ಮೋಡ್ (ಚಲಿಸುವ ಮೀನನ್ನು ಬಿಡದೆ ಹಿಂಬಾಲಿಸುವಂಥದ್ದು), ಒಂದೇ ಪಾಯಿಂಟ್, ಗುರಿ ಕಣ್ಣಿನ ಮೇಲೆ. ಎಲ್ಲ ಪಾಯಿಂಟ್ ತೆರೆದಿಟ್ಟರೆ ಕ್ಯಾಮೆರಾ ಗಾಜಿನ ಗೀರನ್ನೋ ಪಾಚಿಯ ಚುಕ್ಕೆಯನ್ನೋ ಹಿಡಿದುಕೊಂಡು ಕೂರುತ್ತದೆ. ಮ್ಯಾಕ್ರೋ ಲೆನ್ಸಿನಲ್ಲಿ ಫೋಕಸ್ ಲಿಮಿಟರ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಸ್ವಿಚ್) ಇದ್ದರೆ ಬಳಸಿ.

ಬಣ್ಣಕ್ಕಾಗಿ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಕಚ್ಚಾ ಚಿತ್ರ) ಅನಿವಾರ್ಯ. ಗಿಡಗಳ ತೊಟ್ಟಿಯ ದೀಪ ಸಾಮಾನ್ಯವಾಗಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸು ಇರುವುದರಿಂದ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸುವ ಸೆಟ್ಟಿಂಗ್) ಅಲ್ಲಿಂದ ಶುರುಮಾಡಬಹುದು. ಹವಳದ ತೊಟ್ಟಿಯ ನೀಲಿ ಬೆಳಕು ಮಾತ್ರ ಅನೇಕ ಕ್ಯಾಮೆರಾಗಳ 10,000 ಕೆಲ್ವಿನ್ ಮಿತಿಯನ್ನೇ ಮೀರುತ್ತದೆ. ಲೆನ್ಸ್ ಮುಂದೆ ಕಿತ್ತಳೆ ಅಥವಾ ಹಳದಿ ಫಿಲ್ಟರ್ ಇಲ್ಲದೆ ಎಲ್ಲವೂ ನೀಲಿ ಮುದ್ದೆ. ಕಾರ್ಡಿನಲ್ ಟೆಟ್ರಾದಂಥ ಗಾಢ ಕೆಂಪು ಮೀನುಗಳಿದ್ದಾಗ ಹಿಸ್ಟೋಗ್ರಾಮಿನ (ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಕೆಂಪು ಚಾನೆಲನ್ನು ಪ್ರತ್ಯೇಕವಾಗಿ ನೋಡಿ. ಒಟ್ಟು ಎಕ್ಸ್‌ಪೋಶರ್ ಸರಿಯಿದ್ದರೂ ಕೆಂಪು ತುಂಬಿ ತುಳುಕಿ ಹುರುಪೆಗಳ ವಿವರ ಅಳಿದುಹೋಗಿರಬಹುದು.

ಫ್ಲ್ಯಾಶ್ ಇದ್ದರೆ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಕ್ಯಾಮೆರಾ ಮೇಲೆಯೇ ಇಟ್ಟು ಹೊಡೆದರೆ ಗಾಜಿನಲ್ಲಿ ಬಿಳಿ ಚೆಂಡು ಮೂಡುತ್ತದೆ, ಬೇಡ. ವೈರ್‌ಲೆಸ್ ಟ್ರಿಗರ್ ಜೋಡಿಸಿ, ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ ಕೆಳಮುಖವಾಗಿ ಇಡಿ. ಜಾರಿ ಬೀಳದಂತೆ, ನೀರಿನ ಆವಿ ತಾಗದಂತೆ ನೋಡಿಕೊಳ್ಳಿ. ಶಟರ್ 1/200, ಎಫ್/8ರಿಂದ ಎಫ್/11, ಐಎಸ್‌ಒ 200ರಿಂದ 400, ಆಟೋ ಅಲ್ಲ. ಫ್ಲ್ಯಾಶ್ ಶಕ್ತಿಯನ್ನು ಪೂರ್ತಿಯ 1/8ರಿಂದ ಆರಂಭಿಸಿ. ಕಡಿಮೆ ಶಕ್ತಿಯಲ್ಲಿ ಸಾಮಾನ್ಯ ಸ್ಪೀಡ್‌ಲೈಟಿನ (ಬಿಡಿಯಾಗಿ ಸಿಗುವ ಚಿಕ್ಕ ಫ್ಲ್ಯಾಶ್) ಮಿಂಚು ಇನ್ನೂ ಕ್ಷಣಿಕವಾಗುತ್ತದೆ, ಮೀನನ್ನು ನಿಲ್ಲಿಸುವುದು ಆ ಮಿಂಚೇ ಹೊರತು ಶಟರ್ ಅಲ್ಲ. ಬೆಳಕು ಸಾಲದಿದ್ದರೆ ಶಕ್ತಿ ಏರಿಸುವ ಮೊದಲು ಐಎಸ್‌ಒ ಏರಿಸಿ. ಹೊಟ್ಟೆಯ ಭಾಗ ಕಪ್ಪಾದರೆ ತಿಳಿ ಬಣ್ಣದ ಮರಳು ಸ್ವಲ್ಪ ಬೆಳಕನ್ನು ಮೇಲಕ್ಕೆ ಚಿಮ್ಮಿಸಿ ನೆರವಾಗುತ್ತದೆ.

ಮೊಬೈಲಿನಲ್ಲಾದರೆ ಪ್ರೋ ಮೋಡ್, 1/125, ಫ್ಲ್ಯಾಶ್ ಬಂದ್. ನೈಟ್ ಮೋಡ್ ಬೇಡ. ಅದು ಹಲವು ಫ್ರೇಮ್ ಸೇರಿಸುವಾಗ ಈಜುವ ಮೀನು ದೆವ್ವದಂತಾಗುತ್ತದೆ.

ಒಳಗಾಜಿನ ಪಾಚಿ ಕೆರೆಯುವುದನ್ನು ಕೆಲವು ಗಂಟೆ ಮೊದಲೇ ಮುಗಿಸಿ, ಎದ್ದ ಕಣಗಳನ್ನು ಫಿಲ್ಟರ್ ಹೀರಿಕೊಳ್ಳಲು ಬಿಡಿ. ಹೊರಗಾಜಿಗೆ ಕ್ಲೀನರ್ ಸಿಂಪಡಿಸಬೇಡಿ, ಒದ್ದೆ ಮೈಕ್ರೋಫೈಬರ್ ಬಟ್ಟೆ ಸಾಕು. ಫೋಟೋಗೆ ಹತ್ತು ನಿಮಿಷ ಮುಂಚೆ ಫಿಲ್ಟರ್ ಮತ್ತು ಏರ್ ಪಂಪ್ ನಿಲ್ಲಿಸಿದರೆ ಗುಳ್ಳೆ, ಕಣಗಳು ಅಡಗುತ್ತವೆ. ಅರ್ಧ ಗಂಟೆಯ ಅಲಾರಂ ಇಟ್ಟುಕೊಂಡು ಮತ್ತೆ ಚಾಲೂ ಮಾಡಿ; ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೆ ಹರಿಯುವ ನೀರಿನ ಆಮ್ಲಜನಕ ಬೇಕು, ಮೀನುಗಳಿಗೂ ಬೇಕು.